ಜಯದೇವಿತಾಯಿ ಲಿಗಾಡೆ: ಗಡಿನಾಡಿನ ಕನ್ನಡ ಸಾಧನೆ

ಗಡಿನಾಡಿನ ಕನ್ನಡ ಚರಿತ್ರೆಯಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರ (1912-1986) ಸ್ಥಾನ ವಿಶಿಷ್ಟವಾದುದು. ಮರಾಠಿ ಮಾಧ್ಯಮದಲ್ಲಿ ಓದಿದ ಅವರು ಕನ್ನಡವನ್ನು ಸ್ವಪ್ರಯತ್ನದಿಂದ ಕಲಿತರು. ತಮಗೆ ಶಾಲೆಯಲ್ಲಿ ದೊರೆಯದ ನುಡಿ ಮುಂದಿನ ಪೀಳಿಗೆಗಾದರೂ ದೊರೆಯಲೆಂದು ಕನ್ನಡ ಶಾಲೆಗಳಿಗಾಗಿ ಶ್ರಮಿಸಿದರು.

1950ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನವು ಸೊಲ್ಲಾಪುರದಲ್ಲಿಯೇ ನಡೆದಿದ್ದರೂ, 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಆ ನಗರವು ಕನ್ನಡ ರಾಜ್ಯದ ಹೊರಗುಳಿಯಿತು. ಆಡಳಿತದ ಆಸರೆಯಿಲ್ಲದೆಡೆ ಭಾಷೆ ಉಳಿಯುವುದು ಹೇಗೆಂಬ ಪ್ರಶ್ನೆಗೆ ತಾಯಿಯವರ ಕೃತಿಗಳಲ್ಲಿ ಉತ್ತರವಿದೆ. ‘ಶ್ರೀ ಸಿದ್ಧರಾಮೇಶ್ವರ ಪುರಾಣ’ಕ್ಕೆ ಅವರು ಆಯ್ದುಕೊಂಡ ಛಂದಸ್ಸು ತ್ರಿಪದಿ. ಅಕ್ಷರವರಿಯದ ಹೆಣ್ಣುಮಕ್ಕಳು ಬೀಸುವಾಗ, ಕುಟ್ಟುವಾಗ ಹಾಡಿ ಉಳಿಸಿಕೊಂಡು ಬಂದ ಮಟ್ಟದು. ಶಾಲೆ ಕಲಿಸದ ಕನ್ನಡವನ್ನು ಬೀಸುಕಲ್ಲಿನ ಮುಂದಿನ ಹಾಡು ಕಾಪಾಡಿತ್ತೆಂಬುದನ್ನು ಈ ಆಯ್ಕೆ ಸೂಚಿಸುತ್ತದೆ.

ಅವರ ಕನ್ನಡಾಭಿಮಾನ ಮರಾಠಿಯ ದ್ವೇಷವಾಗಲಿಲ್ಲವೆಂಬುದೂ ಗಮನಾರ್ಹ. ಶರಣರ ವಚನಗಳನ್ನು ಅವರು ಮರಾಠಿಗೆ ತಂದರು; ನೆರೆಯ ನುಡಿಯ ಓದುಗರಿಗೆ ಕನ್ನಡದ ಶ್ರೇಷ್ಠವಾದುದನ್ನು ಅವರದೇ ನುಡಿಯಲ್ಲಿ ಒಪ್ಪಿಸಿದರು.

1974ರಲ್ಲಿ ಮಂಡ್ಯ ಸಮ್ಮೇಳನದ ಅಧ್ಯಕ್ಷತೆ ವಹಿಸಿ, ಆ ಪೀಠವೇರಿದ ಮೊದಲ ಮಹಿಳೆಯೆನಿಸಿದರು. ಬದುಕಿನ ಕೊನೆಯ ಘಟ್ಟವನ್ನು ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ ಕಳೆದರು. ಅವರ ಹುಟ್ಟೂರನ್ನು ಗಡಿರೇಖೆ ಹೊರಗಿಟ್ಟಿತು. ಅವರ ಕನ್ನಡವನ್ನು ಹೊರಗಿಡಲಾಗಲಿಲ್ಲ.