‘ಆಮ್ಲಜನಕ’: ಒಂದು ಪಾರಿಭಾಷಿಕ ಪದದ ಅರ್ಥವಿಚಾರ

ಮದರಾಸಿನ ಐ.ಐ.ಟಿ.ಯ ಒಂದು ದ್ವಾರ ವೇಲಚೇರಿಯ ಕಡೆಗಿದೆ. ಆ ಬಡಾವಣೆಯ ಕನ್ನಡ ಮನೆಯ ವಿದ್ಯಾರ್ಥಿಗೆ ಒಂದೇ ಅನಿಲ ಮೂರು ಹೆಸರುಗಳಲ್ಲಿ ಎದುರಾಗಬಹುದು: ಇಂಗ್ಲಿಷಿನ ‘ಆಕ್ಸಿಜನ್’, ತಮಿಳಿನ ‘ಉಯಿರ್‌ವಳಿ’, ಕನ್ನಡದ ‘ಆಮ್ಲಜನಕ’. ತಮಿಳಿನ ‘ಉಯಿರ್’ ಕನ್ನಡದ ‘ಉಸಿರ್’ಗೆ ಜ್ಞಾತಿಪದ, ‘ವಳಿ’ ಎಂದರೆ ಗಾಳಿ. ಜೀವವನ್ನು ಪೊರೆಯುವ ಗಾಳಿ ಎಂಬ ಅರ್ಥ ಅಲ್ಲಿ ಸ್ಪಷ್ಟ. ಕನ್ನಡದ ಹೆಸರು ಹೇಳುವುದು ಬೇರೆಯದನ್ನು.

‘ಆಮ್ಲ’ವೆಂದರೆ ಹುಳಿ, ‘ಜನಕ’ನೆಂದರೆ ಹುಟ್ಟಿಸುವವನು. ಫ್ರಾನ್ಸಿನ ಲವಾಸಿಯೆ ಗ್ರೀಕ್ ಧಾತುಗಳಿಂದ ಕಟ್ಟಿದ ಹೆಸರಿನ ಯಥಾವತ್ ಅನುವಾದವಿದು. ತೆಲುಗಿನ ‘ಆಮ್ಲಜನಿ’, ಬಂಗಾಳಿಯ ‘ಅಮ್ಲಜಾನ’, ಜರ್ಮನ್ನಿನ ‘ಜೌವರ್‌ಸ್ಟೋಫ್’ ಇವೂ ಅದೇ ದಾರಿಯವು. ಗಂಧಕ, ರಂಜಕ, ಇದ್ದಿಲುಗಳನ್ನು ಈ ಅನಿಲದಲ್ಲಿ ಉರಿಸಿ, ಬಂದುದನ್ನು ನೀರಿನಲ್ಲಿ ಕರಗಿಸಿದರೆ ಆಮ್ಲವಾಗುತ್ತದೆ. ಇದನ್ನು ಕಂಡ ಲವಾಸಿಯೆ ಸಕಲ ಆಮ್ಲಗಳಿಗೂ ಈ ಅನಿಲವೇ ಮೂಲವೆಂದು ಬಗೆದನು. 1787ರಲ್ಲಿ ಮೊರ್ವೊ, ಬೆರ್ತೊಲೆ, ಫುರ್ಕ್ರುವಾ ಅವರೊಡನೆ ಅವನು ಪ್ರಕಟಿಸಿದ ರಾಸಾಯನಿಕ ನಾಮಕರಣ ಪದ್ಧತಿಯಲ್ಲಿ ಆ ಹೆಸರು ನೆಲೆಗೊಂಡಿತು.

ಊಹೆ ಮಾತ್ರ ನಿಲ್ಲಲಿಲ್ಲ. ಕ್ಲೋರಿನ್ ಒಂದು ಮೂಲವಸ್ತುವೆಂದು 1810ರಲ್ಲಿ ಹಂಫ್ರಿ ಡೇವಿ ಪ್ರತಿಪಾದಿಸಿದಾಗ, ಉಪ್ಪಿನಿಂದ ಪಡೆಯುವ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಇರುವುದು ಜಲಜನಕ ಮತ್ತು ಕ್ಲೋರಿನ್ ಮಾತ್ರವೆಂದಾಯಿತು. ಅತ್ತ ಕಾಸ್ಟಿಕ್ ಸೋಡಾದಲ್ಲಿ ಆಮ್ಲಜನಕವಿದ್ದರೂ ಅದು ಕ್ಷಾರ. ಸಾಮಾನ್ಯ ಆಮ್ಲಗಳ ಹುಳಿಗೆ ಕಾರಣ ಜಲಜನಕದ ಅಯಾನು. ಹಾಗಾಗಿ ‘ಆಮ್ಲಜನಕ’ವೆಂಬ ಬಿರುದು ನ್ಯಾಯವಾಗಿ ಸಲ್ಲಬೇಕಾದುದು ಜಲಜನಕಕ್ಕೆ! (ಜಲಜನಕ ಉರಿದಾಗ ನೀರು ಹುಟ್ಟುವುದರಿಂದ ಅದರ ಹೆಸರಿನಲ್ಲಿ ದೋಷವಿಲ್ಲ.)

‘ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವಿಲ್ಲ’ ಎಂಬುದು ಇಂಗ್ಲಿಷಿನಲ್ಲಿ ಸಾಧಾರಣ ಹೇಳಿಕೆ, ಕನ್ನಡದಲ್ಲಿ ವಿರೋಧಾಭಾಸ. ಗ್ರೀಕ್ ಮೂಲವನ್ನರಿಯದ ಇಂಗ್ಲಿಷ್ ಓದುಗನಿಗೆ ಹಳೆಯ ತಪ್ಪು ಕಾಣುವುದೇ ಇಲ್ಲ. ಪಾರದರ್ಶಕವಾದ ಅನುವಾದ ಅದನ್ನು ಎದುರಿಗೇ ತಂದು ನಿಲ್ಲಿಸುತ್ತದೆ. ಇದಕ್ಕಾಗಿ ಪದವನ್ನೇ ಕೈಬಿಡಬೇಕೆಂಬ ವಾದ ಅಷ್ಟು ಬಲವಾದುದಲ್ಲ. ಬಳಕೆಯಲ್ಲಿರುವ ‘ಪ್ರಾಣವಾಯು’ವೂ ನಿರ್ದುಷ್ಟವಲ್ಲ, ಆಯುರ್ವೇದದಲ್ಲಿ ಅದು ಪಂಚವಾಯುಗಳಲ್ಲಿ ಒಂದರ ಹೆಸರು. ‘ಆಕ್ಸಿಜನ್’ ಎಂದು ಹಾಗೆಯೇ ಬರೆದರೆ ತಪ್ಪು ಮರೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪಾರಿಭಾಷಿಕ ಪದ ಸಂಕೇತವೇ ಹೊರತು ಲಕ್ಷಣವಾಕ್ಯವಲ್ಲವೆಂದು ಪಾಠ ಹೇಳುವವರು ಮೊದಲ ದಿನವೇ ತಿಳಿಸಿ, ಲವಾಸಿಯೆ ಮತ್ತು ಡೇವಿಯರ ಪ್ರಸಂಗವನ್ನು ಅದರೊಡನೆ ಸೇರಿಸಿದರೆ, ವಿದ್ಯಾರ್ಥಿಗೆ ಪದವೂ ದಕ್ಕೀತು, ಆಮ್ಲದ ಸ್ವರೂಪವೂ ತಿಳಿದೀತು.