ಒಂಟಿ ತಂದೆಗೆ ಕೇಳಬೇಕಾದ ಪ್ರಶ್ನೆ

ಹೆಂಡತಿಯಿಲ್ಲದೆ ಮಕ್ಕಳನ್ನು ಸಾಕುವ ಗಂಡಸರ ಬಗ್ಗೆ ಬ್ರಿಟನ್ನಿನ ವಿಕ್ಟರ್ ಜಾರ್ಜ್ ಮತ್ತು ಪಾಲ್ ವೈಲ್ಡಿಂಗ್ 1972ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರಿನ ಅರ್ಥ ‘ತಾಯಿಯಿಲ್ಲದ ಕುಟುಂಬಗಳು’. ತಂದೆ ಮನೆಯಲ್ಲಿದ್ದಾನೆ, ಪುಸ್ತಕದ ಹೆಸರಿನಲ್ಲಿಲ್ಲ!

ಪತ್ನಿ ತೀರಿಕೊಂಡ ಮೇಲೆ ಪುಣೆಯಲ್ಲಿ ಏಳು ವರ್ಷದ ಮಗಳನ್ನು ನಾನೊಬ್ಬನೇ ಸಾಕುತ್ತಿದ್ದೇನೆ. ‘ಹೆಣ್ಣು ಕೂಸು, ಗಂಡಸಿನ ಕೈಲೆ ಆಗ್ತದೇನಪಾ? ಧಾರವಾಡಕ್ಕ ಕಳಿಸಿಬಿಡು’ ಎಂದು ದೊಡ್ಡವ್ವ ಫೋನಿನಲ್ಲಿ ಹೇಳುತ್ತಲೇ ಇರುತ್ತಾಳೆ. ಇದೇ ಅನುಮಾನ ವಿದ್ವಾಂಸರಿಗೂ ಇತ್ತು ಎಂಬುದು, ಮಗಳು ಮಲಗಿದ ಮೇಲೆ ಓದುತ್ತ ಕುಳಿತಾಗ ತಿಳಿಯಿತು.

1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಜಾನ್ ಬೌಲ್ಬಿ ಬರೆದ ವರದಿ ತಾಯಿಯ ಆರೈಕೆಯನ್ನೇ ಕೇಂದ್ರದಲ್ಲಿಟ್ಟಿತು. ತಂದೆ ಆಕೆಗೆ ಬೆಂಬಲವಾಗಿ ನಿಲ್ಲುವವ, ಅಷ್ಟೆ. ಮಕ್ಕಳ ಬೆಳವಣಿಗೆಯಲ್ಲಿ ತಂದೆಯ ಪಾಲನ್ನು ಸಂಶೋಧಕರು ಮರೆತೇಬಿಟ್ಟಿದ್ದಾರೆ ಎಂದು ಮೈಕೆಲ್ ಲ್ಯಾಂಬ್ 1975ರಲ್ಲಿ ಎಚ್ಚರಿಸಿದರು.

ನನಗೆ ಧೈರ್ಯ ತಂದದ್ದು ಅಮೆರಿಕದ ಸಮಾಜಶಾಸ್ತ್ರಜ್ಞೆ ಬಾರ್ಬರಾ ರಿಸ್‌ಮನ್ ಅವರ 1987ರ ಅಧ್ಯಯನ. ಬಯಸದೆಯೇ ಒಂಟಿಯಾಗಿ ಮಕ್ಕಳ ಹೊಣೆ ಹೊತ್ತ ತಂದೆಯರನ್ನು ಅವರು ಇತರ ಪೋಷಕರೊಂದಿಗೆ ಹೋಲಿಸಿದರು. ಈ ತಂದೆಯರ ಆರೈಕೆ ಬಹುಮಟ್ಟಿಗೆ ತಾಯಂದಿರ ಆರೈಕೆಯನ್ನೇ ಹೋಲುತ್ತಿತ್ತು. ಮಕ್ಕಳನ್ನು ನೋಡಿಕೊಳ್ಳುವುದು ಹೆಣ್ಣಿಗಷ್ಟೇ ಬರುವ ಹುಟ್ಟುಗುಣವಲ್ಲ, ಹೊಣೆ ಹೆಗಲಿಗೆ ಬಿದ್ದರೆ ಯಾರಾದರೂ ಕಲಿಯುವ ಕೆಲಸ ಎಂಬುದು ಅದರ ಸಾರ. ಜಡೆ ಹಾಕುವುದನ್ನು ಕಲಿತ ನನ್ನ ಬೆರಳುಗಳೂ ಅದನ್ನೇ ಹೇಳುತ್ತವೆ.

ಪ್ಯೂ ಸಂಶೋಧನಾ ಕೇಂದ್ರದ ಲೆಕ್ಕದಂತೆ, ಅಮೆರಿಕದಲ್ಲಿ 1960ರಲ್ಲಿ 3 ಲಕ್ಷಕ್ಕೂ ಕಡಿಮೆಯಿದ್ದ ಇಂಥ ಮನೆಗಳು 2011ಕ್ಕೆ 26 ಲಕ್ಷ ದಾಟಿದವು. ಬೆರಳೆಣಿಕೆಯ ಸಂದರ್ಶನಗಳಿದ್ದ ಕಡೆ ದೊಡ್ಡ ಸಮೀಕ್ಷೆಗಳು ಬಂದವು. ವಿಧುರ, ವಿಚ್ಛೇದಿತ, ಅವಿವಾಹಿತ ತಂದೆಯರ ಕಷ್ಟಗಳು ಬೇರೆ ಬೇರೆ ಎಂಬುದೂ ಗಮನಕ್ಕೆ ಬಂತು. ‘ಇವನಿಂದ ಆಗುತ್ತದೆಯೇ?’ ಎಂಬ ಪ್ರಶ್ನೆಯ ಜೊತೆಗೆ ‘ಇವನಿಗೆ ಏನು ನೆರವು ಬೇಕು?’ ಎಂಬುದೂ ಸೇರಿತು.

ನಮ್ಮಲ್ಲೂ ಒಂದು ಹೆಜ್ಜೆ ಮುಂದೆ ಬಿದ್ದಿದೆ. 2018ರಲ್ಲಿ ಕೇಂದ್ರ ಸರ್ಕಾರ ತನ್ನ ಒಂಟಿ ಪುರುಷ ನೌಕರರಿಗೂ ಶಿಶುಪಾಲನಾ ರಜೆಯನ್ನು ವಿಸ್ತರಿಸಿತು: ಇಡೀ ಸೇವಾವಧಿಯಲ್ಲಿ 730 ದಿನಗಳವರೆಗೆ. ಖಾಸಗಿ ಕಂಪನಿಯಲ್ಲಿರುವ ನನಗೆ ಅದು ಅನ್ವಯಿಸದು. ಮಗಳಿಗೆ ಜ್ವರ ಬಂದರೆ ನನ್ನ ಗಳಿಕೆ ರಜೆಯೇ ಗತಿ.

ಊರು ಬಿಟ್ಟು ಬಂದವರಿಗೆ ಕರೆದ ಕೂಡಲೇ ಓಡಿ ಬರುವ ಅಜ್ಜಿ, ಅತ್ತೆಯರಿರುವುದಿಲ್ಲ. ನಿಮ್ಮ ಅಪಾರ್ಟ್‌ಮೆಂಟಿನಲ್ಲೂ ನನ್ನಂಥ ಒಬ್ಬ ತಂದೆ ಇರಬಹುದು. ಅವನಿಗೆ ಕನಿಕರದ ಮಾತು ಬೇಡ. ‘ಸಂಜೆ ಮೀಟಿಂಗ್ ಇದ್ದರೆ ಮಗೂನ ನಮ್ಮನೇಲಿ ಬಿಡ್ರಿ’ ಎನ್ನಿ, ಸಾಕು.