ಗೋರಿಯ ಗೋಡೆ ಮತ್ತು ಕಲ್ಲಿನ ಚಕ್ಕೆ: ಈಜಿಪ್ಟಿನ ಹೊಸ ಸಾಮ್ರಾಜ್ಯದ ಕಲೆಗಾರರ ಊರು

ಪ್ರಾಚೀನ ಈಜಿಪ್ಟಿನ ಚರಿತ್ರೆಯಲ್ಲಿ ಹದಿನೆಂಟರಿಂದ ಇಪ್ಪತ್ತನೆಯ ರಾಜವಂಶದವರೆಗಿನ ಅವಧಿಯನ್ನು, ಎಂದರೆ ಸುಮಾರು ಕ್ರಿ.ಪೂ. 1550ರಿಂದ 1070ರವರೆಗಿನ ಕಾಲವನ್ನು, ಹೊಸ ಸಾಮ್ರಾಜ್ಯದ ಯುಗವೆಂದು ಕರೆಯುವುದು ವಾಡಿಕೆ. ಥೀಬ್ಸ್ ನಗರದೆದುರು, ನೈಲ್ ನದಿಯ ಪಶ್ಚಿಮ ದಂಡೆಯ ಬೆಟ್ಟಗಳೊಳಗೆ ಗೋರಿಗಳನ್ನು ಕೊರೆಸುವ ಪದ್ಧತಿ ಈ ಯುಗದ ಅರಸರಲ್ಲಿ ಬೆಳೆಯಿತು. ಕಲಾಚರಿತ್ರೆಯ ಗ್ರಂಥಗಳು ಈ ಗೋರಿಗಳ ಚಿತ್ರಗಳನ್ನು ಅರಸರ ಹೆಸರಿನಲ್ಲಿಯೇ ವಿಂಗಡಿಸುತ್ತ ಬಂದಿವೆ. ಅವುಗಳನ್ನು ಬರೆದವರು ಅನಾಮಿಕರೆಂಬ ಮಾತೂ ಅದರೊಡನೆಯೇ ಸಾಗಿ ಬಂದಿದೆ. ಈ ಮಾತನ್ನು ಅಲ್ಲಗಳೆಯುವ ಊರೊಂದು ಅದೇ ಬೆಟ್ಟದ ಮಗ್ಗುಲಲ್ಲಿದೆ.

ಇಂದು ದೇರ್ ಎಲ್-ಮದೀನಾ ಎಂಬ ಅರಬ್ಬೀ ಹೆಸರಿನಿಂದ ಪ್ರಸಿದ್ಧವಾಗಿರುವ ಈ ನೆಲೆಯಲ್ಲಿ ಅರಸರ ಗೋರಿಗಳನ್ನು ಕೊರೆದು ಚಿತ್ರಿಸುವ ಕುಟುಂಬಗಳು ನಾನೂರು ವರ್ಷಗಳಿಗೂ ಮಿಕ್ಕಿ ಬಾಳಿದವು. ಸುತ್ತುಗೋಡೆಯೊಳಗೆ ಸುಮಾರು 68 ಮನೆಗಳಿದ್ದವು. ಊರಿನಲ್ಲಿ ನೀರಿರಲಿಲ್ಲ, ಕತ್ತೆಗಳ ಮೇಲೆ ಹೇರಿ ತರಬೇಕಾಗಿತ್ತು. ಕೆಲಸಗಾರರು ತಮ್ಮನ್ನು ‘ಸತ್ಯದ ಸ್ಥಾನದ ಸೇವಕರು’ ಎಂದು ಕರೆದುಕೊಂಡರು. ದೋಣಿಯ ಹುಟ್ಟುಗಾರರಂತೆ ಅವರಲ್ಲಿ ಬಲಪಕ್ಕ, ಎಡಪಕ್ಕ ಎಂಬ ಎರಡು ತಂಡಗಳಿದ್ದು, ಒಂದೊಂದಕ್ಕೂ ಒಬ್ಬ ಮೇಸ್ತ್ರಿಯಿದ್ದನು. ಲೆಕ್ಕಪತ್ರ ಇಡಲು ಲಿಪಿಕಾರನಿದ್ದನು. ಕಲ್ಲುಕುಟಿಗರ ಉಳಿಗಳು ಅರಸನ ಸ್ವತ್ತಾದುದರಿಂದ ಅವುಗಳ ತಾಮ್ರವನ್ನು ತೂಗಿ ಬರೆದಿಡಲಾಗುತ್ತಿತ್ತು. ಗೋರಿಯೊಳಗಿನ ಕತ್ತಲಲ್ಲಿ ಉರಿಸಿದ ದೀಪದ ಬತ್ತಿಗಳಿಗೂ ಲೆಕ್ಕವಿತ್ತು.

ಇವರ ಚಿತ್ರವಿಧಾನವನ್ನು ತಿಳಿಯಲು ಅಪೂರ್ಣವಾಗಿ ಉಳಿದ ಗೋರಿಗಳೇ ಉತ್ತಮ ಆಕರ. ಹೊರೆಮ್‌ಹೆಬ್ ಅರಸನ ಗೋರಿಯಲ್ಲಿ ಕೆಲಸದ ಹಂತಗಳೆಲ್ಲವೂ ಗೋಡೆಯ ಮೇಲೆ ಹಾಗೆಯೇ ನಿಂತಿವೆ: ಮೊದಲು ಕೆಂಪು ಬಣ್ಣದ ಕರಡು ರೇಖೆ, ಅದರ ಮೇಲೆ ಹಿರಿಯನ ಕೈಯ ಕಪ್ಪು ತಿದ್ದುಪಡಿ, ಅನಂತರ ಉಳಿಯ ಕೆತ್ತನೆ, ಕೊನೆಗೆ ಬಣ್ಣ. ನಿಂತ ಮನುಷ್ಯಾಕೃತಿಯನ್ನು ಪಾದದಿಂದ ಹಣೆಯ ಕೂದಲಂಚಿನವರೆಗೆ 18 ಚೌಕಗಳಲ್ಲಿ ಅಳವಡಿಸುವುದು ಸಾಂಪ್ರದಾಯಿಕ ಪ್ರಮಾಣ. ಚಿತ್ರಗಾರನಿಗೆ ಅವರ ಭಾಷೆಯಲ್ಲಿದ್ದ ಹೆಸರಿನ ಅರ್ಥ ‘ರೂಪರೇಖೆಗಳ ಲಿಪಿಕಾರ’. ಬರವಣಿಗೆ ಮತ್ತು ಚಿತ್ರ ಬೇರೆಯಲ್ಲವೆಂಬ ತಿಳಿವಳಿಕೆ ಈ ಹೆಸರಿನಲ್ಲಿಯೇ ಅಡಗಿದೆ.

ಅರಸನಿಗಾಗಿ ಬರೆದ ಚಿತ್ರದಲ್ಲಿ ಕೈಚಳಕಕ್ಕೆ ಅವಕಾಶವಿತ್ತು, ಸ್ವೇಚ್ಛೆಗೆ ಇರಲಿಲ್ಲ. ಅದೇ ಕೈಗಳು ಬಿಡುವಿನಲ್ಲಿ ಏನು ಬರೆದವೆಂಬುದು ತಿಳಿದುಬಂದದ್ದು ಊರಿನ ಕಸದ ರಾಶಿಗಳಿಂದ. 1922ರಿಂದ 1951ರವರೆಗೆ ಇಲ್ಲಿ ಉತ್ಖನನ ನಡೆಸಿದ ಫ್ರೆಂಚ್ ವಿದ್ವಾಂಸ ಬರ್ನಾರ್ ಬ್ರೂಯೇರ್ ಅವರ ತಂಡಕ್ಕೆ ಸಾವಿರಾರು ಸುಣ್ಣಕಲ್ಲಿನ ಚಕ್ಕೆಗಳೂ ಮಡಕೆಯ ಬೋಕಿಗಳೂ ದೊರೆತವು. ಪಪೈರಸ್ ಬೆಲೆಬಾಳುವ ವಸ್ತು. ಕಲ್ಲಿನ ಚಕ್ಕೆಗೆ ಕಾಸಿಲ್ಲ. ಪತ್ರ, ಸಾಲ, ಜಗಳ, ಕತ್ತೆಯ ಬಾಡಿಗೆ ಎಲ್ಲವೂ ಅವುಗಳ ಮೇಲಿವೆ. ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಇಂಥದೊಂದು ಚಕ್ಕೆ ಎರಡನೆಯ ರಾಮ್ಸೆಸ್‌ನ ಆಳ್ವಿಕೆಯ 40ನೆಯ ವರ್ಷದ ಹಾಜರಿ ಪಟ್ಟಿ. ಚೇಳು ಕಡಿದದ್ದು, ಕಣ್ಣುಬೇನೆ, ಮನೆಯಲ್ಲಿ ಬಿಯರ್ ತಯಾರಿ, ಸತ್ತ ಬಂಧುವಿನ ಅಂತ್ಯಕ್ರಿಯೆ: ಗೈರುಹಾಜರಿಯ ಕಾರಣಗಳು ವ್ಯಕ್ತಿಯ ಹೆಸರಿನೊಡನೆ ದಾಖಲಾಗಿವೆ.

ಜಾನಪದದ ದೃಷ್ಟಿಯಿಂದ ಹೆಚ್ಚು ಬೆಲೆಯುಳ್ಳವು ಚಿತ್ರವಿರುವ ಚಕ್ಕೆಗಳು. ಬ್ರೂಕ್ಲಿನ್ ಮ್ಯೂಸಿಯಂನಲ್ಲಿರುವ ಒಂದರಲ್ಲಿ ಇಲಿ ಪೀಠದ ಮೇಲೆ ಗತ್ತಿನಿಂದ ಕುಳಿತಿದೆ. ಎದುರಿಗೆ ಬೆಕ್ಕು ಬಾಲ ಮುದುರಿಕೊಂಡು, ಹುರಿದ ಹಕ್ಕಿಯನ್ನೂ ಬೀಸಣಿಗೆಯನ್ನೂ ಹಿಡಿದು ಸೇವೆಗೆ ನಿಂತಿದೆ. ಕೈರೋದಲ್ಲಿರುವ ಮತ್ತೊಂದರಲ್ಲಿ ಬೆಕ್ಕು ಕೋಲು ಹಿಡಿದು ಹಕ್ಕಿಗಳ ಹಿಂಡನ್ನು ಮೇಯಿಸುತ್ತಿದೆ. ಇದೇ ಬಗೆಯ ಪಪೈರಸ್ ಚಿತ್ರವೊಂದರಲ್ಲಿ ಸಿಂಹವೂ ಜಿಂಕೆಯೂ ಮಣೆಯಾಟಕ್ಕೆ ಕುಳಿತಿವೆ. ಇವನ್ನು ಅರಸೊತ್ತಿಗೆಯ ಅಣಕವೆಂದು ಕೆಲವರೂ, ಬಾಯಿಂದ ಬಾಯಿಗೆ ಬಂದ ಪ್ರಾಣಿಕಥೆಗಳ ಚಿತ್ರಗಳೆಂದು ಕೆಲವರೂ ವಿವರಿಸಿದ್ದಾರೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಬೇಕಾದ ಅಗತ್ಯ ಕಾಣುವುದಿಲ್ಲ. ಬೆಕ್ಕು ಹಕ್ಕಿ ಕಾಯುವ ಪ್ರಸಂಗ ಚಕ್ಕೆಯಲ್ಲಿಯೂ ಪಪೈರಸ್‌ನಲ್ಲಿಯೂ ಮರುಕಳಿಸಿರುವುದರಿಂದ ಎಲ್ಲರೂ ಬಲ್ಲ ಕಥೆಯೊಂದು ಅದರ ಹಿಂದಿದ್ದಿರಬಹುದು. ಪೀಠದ ಮೇಲಿನ ಯಜಮಾನ, ಎದುರಿಗೆ ಸೇವಕ ಎಂಬ ವಿನ್ಯಾಸವಾದರೋ ಗೋರಿಯ ಗೋಡೆಯಿಂದಲೇ ಎತ್ತಿಕೊಂಡದ್ದು. ವಿಧಿಬದ್ಧ ಚಿತ್ರವನ್ನು ಹಗಲೆಲ್ಲ ಬರೆದವನಿಗೇ ಅದನ್ನು ತಿರುವುಮುರುವು ಮಾಡುವ ಹಾಸ್ಯ ಹೊಳೆಯಲು ಸಾಧ್ಯ. ಶಿಷ್ಟ ಮತ್ತು ಜಾನಪದ ಎಂಬ ವಿಂಗಡಣೆ ಇಲ್ಲಿ ಇಬ್ಬರು ಕಲಾವಿದರ ನಡುವಿನದಲ್ಲ, ಒಬ್ಬನದೇ ಎರಡು ಸಂದರ್ಭಗಳ ನಡುವಿನದು.

ಭಕ್ತಿಯ ವಿಷಯದಲ್ಲಿಯೂ ಇದೇ ಬಗೆ. ಗೋರಿಯಲ್ಲಿ ಮಹಾದೇವತೆಗಳನ್ನು ಬರೆದವರು ಮನೆಯಲ್ಲಿ ಕುಬ್ಜದೇವತೆ ಬೆಸ್‌ನನ್ನು ನಂಬಿದರು. ಬೆಟ್ಟದ ಶಿಖರವನ್ನು ಮೆರೆತ್‌ಸೆಗೆರ್ ಎಂಬ ಸರ್ಪದೇವತೆಯಾಗಿ ಪೂಜಿಸಿದರು. ನೆಫೆರಾಬು ಎಂಬ ಕೆಲಸಗಾರನು ತಾನು ಶಿಖರದೇವತೆಗೆ ತಪ್ಪಿ ನಡೆದು ಶಿಕ್ಷೆ ಅನುಭವಿಸಿದುದನ್ನೂ, ಬಳಿಕ ಆಕೆ ಕರುಣಿಸಿದುದನ್ನೂ ಶಿಲಾಫಲಕದಲ್ಲಿ ಕೆತ್ತಿಸಿದ್ದಾನೆ.

ಕೂಲಿಯನ್ನು ಧಾನ್ಯರೂಪದಲ್ಲಿ ಅರಸನ ಕಣಜದಿಂದ ಕೊಡಲಾಗುತ್ತಿತ್ತು. ಮೂರನೆಯ ರಾಮ್ಸೆಸ್‌ನ 29ನೆಯ ವರ್ಷದಲ್ಲಿ, ಸುಮಾರು ಕ್ರಿ.ಪೂ. 1157ರಲ್ಲಿ, ಕೂಲಿ ಬಾರದೆ ದಿನಗಳು ಕಳೆದಾಗ ಇಡೀ ತಂಡ ಕೆಲಸ ನಿಲ್ಲಿಸಿ, ಕಾವಲುಗೋಡೆಗಳನ್ನು ದಾಟಿ, ಅರಸರ ಸ್ಮಾರಕ ದೇಗುಲಗಳ ಬಳಿ ಹೋಗಿ ಕುಳಿತಿತು. ಹಸಿವು ಬಾಯಾರಿಕೆಗಳಿಂದ ಬಂದಿದ್ದೇವೆ, ಬಟ್ಟೆ, ಎಣ್ಣೆ, ಮೀನು, ತರಕಾರಿ ಯಾವುದೂ ಇಲ್ಲ, ಅರಸನಿಗೆ ತಿಳಿಸಿ ಎಂಬುದು ಅವರ ದೂರಿನ ಸಾರ. ಟ್ಯೂರಿನ್‌ನಲ್ಲಿರುವ ಪಪೈರಸ್‌ನಲ್ಲಿ ಉಳಿದಿರುವ ಈ ವರದಿ, ಮುಷ್ಕರವನ್ನು ಕುರಿತು ಜಗತ್ತಿನಲ್ಲಿ ತಿಳಿದುಬಂದಿರುವ ಅತ್ಯಂತ ಹಳೆಯ ದಾಖಲೆ. ಬಾಕಿ ಸಂದಾಯವಾಯಿತು, ಆದರೆ ಅದೇ ವರ್ಷ ಮತ್ತೆ ಮತ್ತೆ ಕೆಲಸ ನಿಂತಿತು.

ಮುಂದಿನ ತಲೆಮಾರುಗಳಲ್ಲಿ ಗೋರಿಗಳ್ಳತನ ಹೆಚ್ಚಿತು. ಆರೋಪಿಗಳಲ್ಲಿ ಈ ಊರಿನ ಕೆಲವರೂ ಇದ್ದರು. ಹನ್ನೊಂದನೆಯ ರಾಮ್ಸೆಸ್‌ನ ಕಾಲಕ್ಕೆ ಜನ ಊರು ತೊರೆದು ಸಮೀಪದ ಮೆದಿನೆತ್ ಹಾಬು ದೇಗುಲದ ಕೋಟೆಯೊಳಗೆ ಆಶ್ರಯ ಪಡೆದಿದ್ದರು. ಆ ತಂಡದ ಕೊನೆಯ ಲಿಪಿಕಾರರಲ್ಲಿ ಒಬ್ಬನಾದ ಬುತೆಹಾಮುನ್‌ನ ಹೆಸರು ಮೂರನೆಯ ರಾಮ್ಸೆಸ್‌ನ ಮಮ್ಮಿಯ ಹೊದಿಕೆಯ ಮೇಲಿನ ಟಿಪ್ಪಣಿಯಲ್ಲಿ ದೊರೆಯುತ್ತದೆ. ಹಿರಿಯರು ಕೊರೆದು ಚಿತ್ರಿಸಿದ ಗೋರಿಗಳಲ್ಲಿದ್ದ ಅರಸರ ದೇಹಗಳಿಗೆ ಮತ್ತೆ ಬಟ್ಟೆ ಸುತ್ತಿಸುವ ಕೆಲಸ ಅವನ ಪಾಲಿಗೆ ಬಂದಿತ್ತು.